ನಿಂತ ಗಾಡಿಗೂ ಮೇವು ಬೇಕು

ಅಮೆರಿಕದ ಮಧ್ಯಭಾಗದಲ್ಲಿ ಅಯೋವಾ ಎಂಬ ಸಂಸ್ಥಾನವಿದೆ. ಕಣ್ಣು ಹಾಯುವಷ್ಟು ದೂರ ಗೋವಿನ ಜೋಳದ ಹೊಲಗಳೇ ತುಂಬಿರುವ ಆ ನಾಡಿನಲ್ಲಿ ನವೆಂಬರ್ ತಿಂಗಳು ಕಾಲಿಟ್ಟಿತೆಂದರೆ ಗೃಹಸ್ಥರಿಗೆಲ್ಲ ಒಂದು ಬಗೆಯ ಅವಸರ. ಬರಲಿರುವ ಹಿಮಕ್ಕೆ ಮನೆಯನ್ನು ಸಜ್ಜುಗೊಳಿಸಬೇಕು. ಅಷ್ಟೇ ಅಲ್ಲ, ಕೆಲವರಿಗೆ ಎರಡು ಮನೆಗಳನ್ನು ಸಜ್ಜುಗೊಳಿಸುವ ಹೊಣೆ. ಒಂದು, ನೆಲದ ಮೇಲೆ ನಿಂತ ಮನೆ. ಇನ್ನೊಂದು, ಚಕ್ರಗಳ ಮೇಲೆ ನಿಂತ ಮನೆ.

ಈ ಎರಡನೆಯದೇ ಮೋಟಾರು ಮನೆ. ಬಸ್ಸಿನಂತೆ ಕಾಣುವ ಈ ವಾಹನದೊಳಗೆ ಮಲಗುವ ಮಂಚವುಂಟು, ಅಡಿಗೆಯ ಒಲೆಯುಂಟು, ತಂಗಳುಪೆಟ್ಟಿಗೆಯುಂಟು, ಸ್ನಾನದ ಕೋಣೆಯೂ ಉಂಟು. ಬೇಸಗೆಯಲ್ಲಿ ಮಕ್ಕಳುಮರಿಗಳೊಡನೆ ಇದರಲ್ಲಿ ಹೊರಟವರು ಹೋಟೆಲಿನ ಹಂಗಿಲ್ಲದೆ ಸಾವಿರಾರು ಮೈಲಿ ಸುತ್ತಿ ಬರುತ್ತಾರೆ. ಜರ್ಮನಿಯ ವೆಸ್ಟ್‌ಫಾಲಿಯಾ ಸಂಸ್ಥೆಯವರು ೧೯೫೧ರಲ್ಲಿ ಫೋಕ್ಸ್‌ವ್ಯಾಗನ್ ವ್ಯಾನಿನೊಳಗೆ ಹಾಸಿಗೆ, ಬೀರುಗಳನ್ನು ಅಳವಡಿಸಿ ಇಂಥ ವಾಹನಗಳನ್ನು ಜನಪ್ರಿಯಗೊಳಿಸಿದರು. ಅಯೋವಾದ ಫಾರೆಸ್ಟ್ ಸಿಟಿ ಎಂಬ ಪುಟ್ಟ ಊರಿನಲ್ಲಿ ವಿನ್ನೆಬಾಗೋ ಸಂಸ್ಥೆಯ ಮೊದಲ ಮೋಟಾರು ಮನೆ ಸಿದ್ಧವಾದದ್ದು ೧೯೬೬ರಲ್ಲಿ. ಆ ಬಳಿಕ ಈ ಹೆಸರು ಅಮೆರಿಕದ ಮನೆಮಾತಾಯಿತು.

ಆದರೆ ಸುಖದ ಈ ಗಾಡಿ ವರ್ಷದಲ್ಲಿ ಐದಾರು ತಿಂಗಳು ಅಲುಗಾಡದೆ ನಿಂತಿರುತ್ತದೆ. ಹಿಮ ಬೀಳುವ ಮುನ್ನ ಮಾಲೀಕನು ನೀರಿನ ಕೊಳವೆಗಳನ್ನು ಬರಿದು ಮಾಡುತ್ತಾನೆ. ಇಲ್ಲವಾದರೆ ನೀರು ಹೆಪ್ಪುಗಟ್ಟಿ ಹಿಗ್ಗಿ ಕೊಳವೆ ಒಡೆದೀತು. ತಂಗಳುಪೆಟ್ಟಿಗೆಯನ್ನು ಖಾಲಿ ಮಾಡಿ ಬಾಗಿಲು ತೆರೆದಿಡುತ್ತಾನೆ. ಇಲಿ ನುಗ್ಗುವ ಸಂದುಗಳನ್ನು ಮುಚ್ಚುತ್ತಾನೆ. ಬಾಗಿಲಿಗೆ ಬೀಗ ಹಾಕಿ, ಕೈ ಒರೆಸಿಕೊಂಡು ಒಳಗೆ ಹೋಗುತ್ತಾನೆ. ಎಲ್ಲವೂ ನೆನಪಾಯಿತು; ಒಂದು ಮಾತ್ರ ಮರೆತುಹೋಯಿತು. ಏಪ್ರಿಲಿನಲ್ಲಿ ಹಿಮ ಕರಗಿ, ಮಕ್ಕಳು ಪ್ರಯಾಣದ ಗಂಟುಮೂಟೆ ಕಟ್ಟಿಕೊಂಡು ಗಾಡಿಯೇರಿ, ಯಜಮಾನನು ಕೀಲಿ ತಿರುಗಿಸಿದಾಗ 'ಟಕ್' ಎಂಬ ಒಂದು ಸದ್ದು. ಆ ಮೇಲೆ ಮೌನ. ಬ್ಯಾಟರಿ ಸತ್ತಿದೆ.

'ಓಡಿಸಲೇ ಇಲ್ಲ, ಉಪಯೋಗಿಸಲೇ ಇಲ್ಲ, ಮತ್ತೇಕೆ ಸತ್ತಿತು?' ಎಂದು ಆತನು ಬೆರಗಾಗುತ್ತಾನೆ. ಆತನ ಪ್ರಶ್ನೆಯಲ್ಲೇ ಉತ್ತರವೂ ಅಡಗಿದೆ. ಉಪಯೋಗಿಸದೆ ಇದ್ದುದರಿಂದಲೇ ಅದು ಸತ್ತಿತು!

ಒಂದು ಗಾಡಿ, ಎರಡು ಬ್ಯಾಟರಿ

ಮೋಟಾರು ಮನೆಯಲ್ಲಿ ಸಾಮಾನ್ಯವಾಗಿ ಎರಡು ಬಗೆಯ ಬ್ಯಾಟರಿಗಳಿರುತ್ತವೆ. ಮೊದಲನೆಯದು ಎಂಜಿನನ್ನು ಚಾಲೂ ಮಾಡುವ ಬ್ಯಾಟರಿ. ೧೯೧೨ರಲ್ಲಿ ಚಾರ್ಲ್ಸ್ ಕೆಟರಿಂಗ್ ರೂಪಿಸಿದ ವಿದ್ಯುತ್ ಸ್ಟಾರ್ಟರು ಕ್ಯಾಡಿಲಾಕ್ ಕಾರಿನಲ್ಲಿ ಬರುವವರೆಗೆ ಚಾಲಕನು ಮುಂದೆ ನಿಂತು ಕಬ್ಬಿಣದ ಹಿಡಿಯನ್ನು ತಿರುಗಿಸಿ ಎಂಜಿನನ್ನು ಎಬ್ಬಿಸಬೇಕಾಗಿತ್ತು. ಆ ಕಷ್ಟವನ್ನು ಬ್ಯಾಟರಿ ತನ್ನ ತಲೆಯ ಮೇಲೆ ಹೊತ್ತುಕೊಂಡಿತು. ಕೆಲವೇ ಕ್ಷಣಗಳ ಕಾಲ ನೂರಾರು ಆಂಪಿಯರ್ ವಿದ್ಯುತ್ತನ್ನು ಒಮ್ಮೆಲೇ ಕೊಡುವುದು ಇದರ ಕೆಲಸ. ಅದಕ್ಕಾಗಿ ಇದರ ಫಲಕಗಳು ತೆಳುವಾಗಿಯೂ ಸಂಖ್ಯೆಯಲ್ಲಿ ಹೆಚ್ಚಾಗಿಯೂ ಇರುತ್ತವೆ.

ಎರಡನೆಯದು ಮನೆಯ ಬ್ಯಾಟರಿ. ದೀಪ, ನೀರಿನ ಪಂಪು, ಒಲೆಗೂಡಿನ ಗಾಳಿಯಂತ್ರ ಮುಂತಾದವುಗಳಿಗೆ ಗಂಟೆಗಟ್ಟಲೆ ನಿಧಾನವಾಗಿ ವಿದ್ಯುತ್ತನ್ನು ಒದಗಿಸುವುದು ಇದರ ಪಾಲು. ಇದರ ಫಲಕಗಳು ದಪ್ಪ. ಮೊದಲನೆಯದು ಓಟದ ಕುದುರೆಯಾದರೆ ಎರಡನೆಯದು ಬಂಡಿಯ ಎತ್ತು. ಸ್ವಭಾವ ಬೇರೆಯಾದರೂ ಎರಡಕ್ಕೂ ಮೂಲದ್ರವ್ಯ ಒಂದೇ: ಸೀಸ ಮತ್ತು ಗಂಧಕಾಮ್ಲ.

ಈ ಜೋಡಿಯನ್ನು ಕೂಡಿಸಿದವನು ಗಾಸ್ತೋಂ ಪ್ಲಾಂತೆ ಎಂಬ ಫ್ರೆಂಚ್ ವಿಜ್ಞಾನಿ. ೧೮೫೯ರಲ್ಲಿ ಆತನು ಎರಡು ಸೀಸದ ತಗಡುಗಳನ್ನು ಒಂದಕ್ಕೊಂದು ತಾಗದಂತೆ ನಡುವೆ ಪಟ್ಟಿಗಳನ್ನಿಟ್ಟು ಸುರುಳಿ ಸುತ್ತಿ, ನೀರು ಬೆರೆಸಿದ ಗಂಧಕಾಮ್ಲದಲ್ಲಿ ಅದ್ದಿದನು. ಬರಿದಾದ ಮೇಲೆ ಮತ್ತೆ ತುಂಬಬಹುದಾದ ಮೊದಲ ಬ್ಯಾಟರಿ ಅದು. ೧೮೮೧ರಲ್ಲಿ ಕಾಮಿಲ್ ಫೋರ್ ಎಂಬಾತನು ತಗಡಿಗೆ ಸೀಸದ ಆಕ್ಸೈಡಿನ ಕಣಕವನ್ನು ಮೆತ್ತುವ ಉಪಾಯವನ್ನು ಕಂಡುಹಿಡಿದನು. ಅದರಿಂದ ಬ್ಯಾಟರಿಯ ಹಿಡಿತ ಬಹಳ ಹೆಚ್ಚಿತು. ಇಂದು ಕಾರಿನಲ್ಲಿರುವ ಬ್ಯಾಟರಿಯಾಗಲಿ, ಮನೆಯ ಮೂಲೆಯಲ್ಲಿ ಕುಳಿತ ಇನ್ವರ್ಟರ್ ಬ್ಯಾಟರಿಯಾಗಲಿ ಆ ಇಬ್ಬರ ಕೂಸೇ.

ಬ್ಯಾಟರಿಯಲ್ಲಿ ತುಂಬಿರುವುದು ವಿದ್ಯುತ್ತಲ್ಲ, ರಾಸಾಯನಿಕ ಶಕ್ತಿ ಎಂಬುದನ್ನು ವಾಚಕರು ನೆನಪಿನಲ್ಲಿಡಬೇಕು. ತುಂಬಿದ ಬ್ಯಾಟರಿಯಲ್ಲಿ ಒಂದು ಫಲಕ ಶುದ್ಧ ಸೀಸ, ಇನ್ನೊಂದು ಸೀಸದ ಡೈಆಕ್ಸೈಡು, ನಡುವೆ ಬಲವಾದ ಆಮ್ಲ. ವಿದ್ಯುತ್ತು ಹೊರಹರಿದಂತೆಲ್ಲ ಆಮ್ಲದಲ್ಲಿರುವ ಸಲ್ಫೇಟು ಎರಡೂ ಫಲಕಗಳನ್ನು ಸೇರಿಕೊಳ್ಳುತ್ತದೆ; ಎರಡೂ ಸೀಸದ ಸಲ್ಫೇಟಾಗಿ ಮಾರ್ಪಡುತ್ತವೆ; ಆಮ್ಲ ತೆಳುವಾಗಿ ನೀರಿಗೆ ಹತ್ತಿರವಾಗುತ್ತದೆ. ಮತ್ತೆ ವಿದ್ಯುತ್ತನ್ನು ಊಡಿದರೆ ಈ ಕ್ರಿಯೆ ಹಿಂದುಮುಂದಾಗಿ, ಸಲ್ಫೇಟು ಫಲಕಗಳನ್ನು ಬಿಟ್ಟು ಆಮ್ಲಕ್ಕೆ ಮರಳುತ್ತದೆ.

ಕಾಣದ ಮೂವರು ಕಳ್ಳರು

'ಕೂತುಂಡರೆ ಕುಡಿಕೆ ಹೊನ್ನು ಸಾಲದು' ಎಂಬುದು ನಮ್ಮ ಹಿರಿಯರ ಗಾದೆ. ನಿಂತ ಬ್ಯಾಟರಿಗೆ ಇದಕ್ಕಿಂತ ಒಪ್ಪುವ ಮಾತು ಬೇರೊಂದಿಲ್ಲ. ಅದರ ಕುಡಿಕೆಗೆ ಕೈ ಹಾಕುವ ಕಳ್ಳರು ಮೂವರು.

ಮೊದಲನೆಯ ಕಳ್ಳ ಮನೆಯೊಳಗಿನವನೇ. ಯಾವ ತಂತಿಯನ್ನೂ ಜೋಡಿಸದೆ ಇಟ್ಟರೂ ಬ್ಯಾಟರಿಯೊಳಗಿನ ರಾಸಾಯನಿಕ ಕ್ರಿಯೆ ಪೂರ್ತಿಯಾಗಿ ನಿಲ್ಲುವುದಿಲ್ಲ. ನೀರು ಹಾಕುವ ಮಾದರಿಯ ಬ್ಯಾಟರಿ ಸಾಧಾರಣ ಉಷ್ಣತೆಯಲ್ಲಿ ತಿಂಗಳಿಗೆ ನೂರಕ್ಕೆ ಐದರಷ್ಟು ತಾನಾಗಿಯೇ ಕಳೆದುಕೊಳ್ಳುವುದು ಸಾಮಾನ್ಯ. ಉಷ್ಣತೆ ೧೦ ಡಿಗ್ರಿ ಏರಿದರೆ ಈ ನಷ್ಟ ಸುಮಾರು ಇಮ್ಮಡಿಯಾಗುತ್ತದೆ. ಈ ಕಳ್ಳನನ್ನು ಓಡಿಸಲಾಗದು. ಆದರೆ ಈತನ ಕೈ ಬಲು ನಿಧಾನ.

ಎರಡನೆಯ ಕಳ್ಳನ ಕೈ ಚುರುಕು. ಗಾಡಿಯ ಎಲ್ಲ ಗುಂಡಿಗಳನ್ನೂ ಆರಿಸಿದರೂ ಕೆಲವು ಉಪಕರಣಗಳು ಎಚ್ಚರವಾಗಿಯೇ ಇರುತ್ತವೆ. ಅಡಿಗೆಯ ಅನಿಲ ಸೋರಿದರೆ ಕೂಗಿ ಎಚ್ಚರಿಸುವ ಯಂತ್ರ, ಗಡಿಯಾರ, ರೇಡಿಯೋದ ನೆನಪು, ಕಳ್ಳಗಂಟೆ - ಇವೆಲ್ಲ ಹಗಲಿರುಳೂ ಗುಟುಕು ಗುಟುಕಾಗಿ ವಿದ್ಯುತ್ತನ್ನು ಹೀರುತ್ತವೆ. ಎಲ್ಲ ಸೇರಿ ಒಂದು ಆಂಪಿಯರಿನ ಹತ್ತರಲ್ಲಿ ಒಂದು ಪಾಲು ಮಾತ್ರ ಎಂದಿಟ್ಟುಕೊಳ್ಳೋಣ. ದಿನಕ್ಕೆ ೨೪ ಗಂಟೆ, ಖರ್ಚು ೨.೪ ಆಂಪಿಯರ್-ಗಂಟೆ. ಬ್ಯಾಟರಿಯ ಹಿಡಿತ ೧೦೦ ಆಂಪಿಯರ್-ಗಂಟೆಯಾದರೆ ಮೂರು ವಾರಗಳಲ್ಲಿ ಅರ್ಧ ಖಾಲಿ; ಆರು ವಾರ ಕಳೆಯುವುದರೊಳಗೆ ಪೂರ್ತಿ ಖಾಲಿ. ನವೆಂಬರ್ ಮೊದಲಲ್ಲಿ ನಿಲ್ಲಿಸಿದ ಗಾಡಿಯ ಬ್ಯಾಟರಿ ಕ್ರಿಸ್‌ಮಸ್ ಹಬ್ಬವನ್ನೂ ಕಾಣದು. ಏಪ್ರಿಲಿನ ಮಾತೇಕೆ?

ಮೂರನೆಯವನು ಕಳ್ಳನಲ್ಲ, ಕೊಲೆಗಡುಕ. ಬರಿದಾದ ಬ್ಯಾಟರಿಯ ಫಲಕಗಳ ಮೇಲೆ ಕೂತಿರುವ ಸೀಸದ ಸಲ್ಫೇಟು ಮೊದಲಲ್ಲಿ ನುಣ್ಣನೆಯ ಪುಡಿಯಂತಿರುತ್ತದೆ. ಕೂಡಲೇ ವಿದ್ಯುತ್ತನ್ನು ಊಡಿದರೆ ಕರಗಿ ಹಿಂದಿರುಗುತ್ತದೆ. ವಾರಗಳು, ತಿಂಗಳುಗಳು ಹಾಗೆಯೇ ಕಳೆದರೆ ಆ ಪುಡಿ ಗಟ್ಟಿಯಾದ ಹರಳುಗಳಾಗಿ ಬೆಳೆಯುತ್ತದೆ. ಹಾಲಿನ ಪಾತ್ರೆಯನ್ನು ಆಗಲೇ ತೊಳೆದರೆ ಬೆರಳಿಗೇ ಹೋಗುವ ಕಲೆ, ಎರಡು ದಿನ ಒಣಗಿದ ಮೇಲೆ ಎಷ್ಟು ಉಜ್ಜಿದರೂ ಹೋಗದು, ಹಾಗೆ. ಹರಳುಗಟ್ಟಿದ ಫಲಕದ ಭಾಗ ಮತ್ತೆ ಕೆಲಸಕ್ಕೆ ಬಾರದು. ಹೊಸದಾಗಿ ಕೊಂಡ ಬ್ಯಾಟರಿಯೂ ಒಂದೇ ಚಳಿಗಾಲದಲ್ಲಿ ಹೀಗೆ ಹಾಳಾಗುವುದುಂಟು.

ಚಳಿ ಮಿತ್ರನೋ ಶತ್ರುವೋ?

ಅಯೋವಾದಲ್ಲಿ ಕೆಲವು ಇರುಳುಗಳಲ್ಲಿ ಉಷ್ಣತೆ ಸೊನ್ನೆಗಿಂತ ೨೫ ಡಿಗ್ರಿ ಕೆಳಗೆ ಇಳಿಯುತ್ತದೆ. ಅಂಥ ಚಳಿ ಬ್ಯಾಟರಿಗೆ ಒಳ್ಳೆಯದೋ ಕೆಟ್ಟದ್ದೋ ಎಂದು ಕೇಳಿದರೆ, 'ಹೊಟ್ಟೆ ತುಂಬಿದವನಿಗೆ ಒಳ್ಳೆಯದು, ಹಸಿದವನಿಗೆ ಕೆಟ್ಟದ್ದು' ಎನ್ನಬೇಕಾಗುತ್ತದೆ.

ಪೂರ್ತಿ ತುಂಬಿದ ಬ್ಯಾಟರಿಯ ಆಮ್ಲದ ವಿಶಿಷ್ಟ ಗುರುತ್ವ ಸುಮಾರು ೧.೨೬೫. ಅಷ್ಟು ಬಲವಾದ ಆಮ್ಲ ಸೊನ್ನೆಗಿಂತ ೫೦ ಡಿಗ್ರಿ ಕೆಳಗಿಳಿದರೂ ಹೆಪ್ಪುಗಟ್ಟುವುದಿಲ್ಲ. ಮೇಲಾಗಿ ಚಳಿಯಲ್ಲಿ ಒಳಗಿನ ಸೋರಿಕೆಯೂ ಬಹಳ ತಗ್ಗುತ್ತದೆ. ತಂತಿ ಬಿಚ್ಚಿಟ್ಟ ತುಂಬಿದ ಬ್ಯಾಟರಿಗೆ ಚಳಿಗಾಲ ನೆಮ್ಮದಿಯ ನಿದ್ರೆಯ ಕಾಲ. ಬರಿದಾದ ಬ್ಯಾಟರಿಯ ಗತಿ ಬೇರೆ. ಅದರಲ್ಲಿರುವುದು ಹೆಚ್ಚುಕಡಿಮೆ ನೀರೇ. ಸೊನ್ನೆಗಿಂತ ೧೦ ಡಿಗ್ರಿ ಕೆಳಗಿನ ಆಸುಪಾಸಿನಲ್ಲೇ ಅದು ಹೆಪ್ಪುಗಟ್ಟಬಲ್ಲದು. ಹೆಪ್ಪುಗಟ್ಟಿ ಹಿಗ್ಗಿದ ನೀರು ಫಲಕಗಳನ್ನು ಬಾಗಿಸಿ, ಪೆಟ್ಟಿಗೆಯನ್ನೇ ಸೀಳಿಬಿಡುತ್ತದೆ. ಹಿಮ ಕರಗಿದಾಗ ಆ ಸೀಳಿನಿಂದ ಆಮ್ಲ ಸೋರಿ ಗಾಡಿಯ ಕಬ್ಬಿಣವನ್ನು ತಿನ್ನುತ್ತದೆ. ಹೆಪ್ಪುಗಟ್ಟಿದ ಬ್ಯಾಟರಿಗೆ ಅವಸರಪಟ್ಟು ವಿದ್ಯುತ್ತನ್ನು ಊಡಲು ಹೋಗುವುದು ಅಪಾಯವನ್ನು ಕೈಯಾರೆ ಕರೆದಂತೆ, ಅದು ಸಿಡಿಯಬಹುದು.

ಮಾಡಬೇಕಾದುದೇನು?

ಚಿಕಿತ್ಸೆ ಸರಳ. ಗಾಡಿಯನ್ನು ನಿಲ್ಲಿಸುವ ಮುನ್ನ ಬ್ಯಾಟರಿಯನ್ನು ಪೂರ್ತಿ ತುಂಬಬೇಕು. ನೀರು ಹಾಕುವ ಮಾದರಿಯದಾದರೆ ಮುಚ್ಚಳ ತೆಗೆದು, ಫಲಕಗಳು ಮುಳುಗಿವೆಯೇ ಎಂದು ನೋಡಿ, ಬಟ್ಟಿ ಇಳಿಸಿದ ನೀರನ್ನೇ ಹಾಕಬೇಕು. ನಲ್ಲಿಯ ನೀರಿನಲ್ಲಿರುವ ಲವಣಗಳು ಫಲಕಗಳಿಗೆ ವೈರಿ. ಆ ಬಳಿಕ ತಂತಿಯನ್ನು ಬಿಚ್ಚಬೇಕು. ಬಿಚ್ಚುವಾಗ ಋಣಾಗ್ರ ಮೊದಲು, ಜೋಡಿಸುವಾಗ ಋಣಾಗ್ರ ಕೊನೆಗೆ. ಗಾಡಿಯ ಮೈಯೆಲ್ಲ ಋಣಾಗ್ರಕ್ಕೆ ಸೇರಿರುವುದರಿಂದ, ಈ ಕ್ರಮ ತಪ್ಪಿದರೆ ಕೈಯಲ್ಲಿರುವ ಸ್ಪ್ಯಾನರು ಧನಾಗ್ರಕ್ಕೂ ಗಾಡಿಯ ಮೈಗೂ ಒಟ್ಟಿಗೆ ತಾಗಿ ಕಿಡಿ ಹಾರೀತು. ಹಲವು ಮೋಟಾರು ಮನೆಗಳಲ್ಲಿ ಈ ಕೆಲಸಕ್ಕೆಂದೇ ಒಂದು ಗುಂಡಿ ಇರುತ್ತದೆ. ಆದರೆ ಆ ಗುಂಡಿಯನ್ನು ಆರಿಸಿದ ಮೇಲೂ ಕೆಲವು ಉಪಕರಣಗಳಿಗೆ ಬೇರೆ ದಾರಿಯಿಂದ ವಿದ್ಯುತ್ತು ಹರಿಯುವುದುಂಟು. ಆದುದರಿಂದ ತಂತಿ ಬಿಚ್ಚುವುದೇ ಲೇಸು.

ತುಂಬಿದೆಯೋ ಇಲ್ಲವೋ ಎಂದು ತಿಳಿಯಲು ವೋಲ್ಟ್ ಮಾಪಕ ಸಾಕು. ಕೆಲವು ಗಂಟೆಗಳ ವಿಶ್ರಾಂತಿಯ ನಂತರ ೧೨.೬ ವೋಲ್ಟು ತೋರಿದರೆ ಪೂರ್ತಿ ತುಂಬಿದೆ ಎಂದರ್ಥ, ೧೨.೪ ಎಂದರೆ ಮುಕ್ಕಾಲು, ೧೨.೨ ಎಂದರೆ ಅರ್ಧ. ೧೨ ಎಂದರೆ ಕಾಲು ಭಾಗ ಮಾತ್ರ. ನೋಡುವುದಕ್ಕೆ ಅಲ್ಪ ಅಂತರ. ಬ್ಯಾಟರಿಗೆ ಬದುಕು ಸಾವಿನ ಅಂತರ. ೧೨.೪ಕ್ಕೆ ಇಳಿಯಿತೆಂದರೆ ಮತ್ತೆ ತುಂಬಬೇಕು.

ಗಾಡಿಯ ಬಳಿ ವಿದ್ಯುತ್ ಸೌಕರ್ಯವಿದ್ದರೆ ಚಳಿಗಾಲವಿಡೀ ಮೇವುಣಿಸುವ ಚಾರ್ಜರನ್ನು ಜೋಡಿಸಬಹುದು. ಇಲ್ಲಿ ಹಳೆಯದಕ್ಕೂ ಹೊಸದಕ್ಕೂ ಭೇದವುಂಟು. ಹಳೆಯ ಬಗೆಯ ಚಾರ್ಜರು ಹೊಟ್ಟೆ ತುಂಬಿದ ಮೇಲೂ ತುರುಕುತ್ತಲೇ ಇರುತ್ತದೆ. ಒಳಗಿನ ನೀರು ಜಲಜನಕ, ಆಮ್ಲಜನಕಗಳಾಗಿ ಒಡೆದು ಹಾರಿಹೋಗಿ ಫಲಕಗಳು ಒಣಗುತ್ತವೆ. ಇಂದಿನ ಜಾಣ ಚಾರ್ಜರು ಮೊದಲು ೧೪.೪ ವೋಲ್ಟಿನಷ್ಟು ಒತ್ತಡದಲ್ಲಿ ತುಂಬಿಸಿ, ತುಂಬಿದ ಕೂಡಲೇ ಸುಮಾರು ೧೩.೫ ವೋಲ್ಟಿಗೆ ತಾನೇ ಇಳಿಯುತ್ತದೆ. ಅಲ್ಲಿ ಬ್ಯಾಟರಿ ಕಳೆದುಕೊಂಡಷ್ಟನ್ನು ಮಾತ್ರ ಪಡೆಯುತ್ತದೆ.

ವಿದ್ಯುತ್ ಸೌಕರ್ಯವಿಲ್ಲದ ಬಯಲಿನಲ್ಲಿ ನಿಲ್ಲಿಸಿದವರು ಮಾವಣಿಯ ಮೇಲೆ ಸೂರ್ಯಫಲಕವನ್ನು ಇಡುತ್ತಾರೆ. ನಡುವೆ ಹತೋಟಿ ಯಂತ್ರವೊಂದಿದ್ದರೆ ಇದು ಒಳ್ಳೆಯ ಉಪಾಯವೇ. ಆದರೆ ಡಿಸೆಂಬರಿನ ಅಯೋವಾದಲ್ಲಿ ಹಗಲು ಒಂಬತ್ತು ಗಂಟೆಯಷ್ಟೇ. ಫಲಕದ ಮೇಲೆ ಹಿಮ ಹಾಸಿದರೆ ಅದೂ ಇಲ್ಲ. ಆಗಾಗ ಹಿಮ ಗುಡಿಸುವವರಿಲ್ಲದಿದ್ದರೆ ಸೂರ್ಯನನ್ನೂ ನಂಬಿ ಕೂರುವಂತಿಲ್ಲ.

ಇದಾವುದೂ ಬೇಡವೆನ್ನುವವರು ಬ್ಯಾಟರಿಯನ್ನು ಬಿಚ್ಚಿ ಮನೆಯ ನೆಲಮಾಳಿಗೆಗೆ ತಂದಿಡುತ್ತಾರೆ. ಗಾರೆಯ ನೆಲದ ಮೇಲಿಟ್ಟರೆ ಶಕ್ತಿ ನೆಲಕ್ಕೆ ಇಳಿದುಹೋಗುತ್ತದೆಂದು ಹಲಗೆಯ ಮೇಲಿಡುವ ವಾಡಿಕೆ ಅಲ್ಲಿಯೂ ಇದೆ, ಇಲ್ಲಿಯೂ ಇದೆ. ಈಗಿನ ಪ್ಲಾಸ್ಟಿಕ್ ಪೆಟ್ಟಿಗೆಯ ಮೂಲಕ ವಿದ್ಯುತ್ತು ಹರಿಯದಾದ್ದರಿಂದ ಆ ಭಯಕ್ಕೆ ಆಧಾರವಿಲ್ಲ.

ಇನ್ನೊಂದು ತಪ್ಪು ನಂಬಿಕೆ: ವಾರಕ್ಕೊಮ್ಮೆ ಐದು ನಿಮಿಷ ಎಂಜಿನನ್ನು ಚಾಲೂ ಮಾಡಿ ನಿಲ್ಲಿಸಿದರೆ ಬ್ಯಾಟರಿ ಚೆನ್ನಾಗಿರುತ್ತದೆ ಎಂಬುದು. ಸೀಸದ ಬ್ಯಾಟರಿ ಪೂರ್ತಿ ತುಂಬಲು ಗಂಟೆಗಟ್ಟಲೆ ಬೇಕು. ಐದು ನಿಮಿಷದ ತುತ್ತಿನಿಂದ ಹಸಿವು ಹಿಂಗದು. ಎಂಜಿನು ಸರಿಯಾಗಿ ಬಿಸಿಯೂ ಆಗದೆ ಒಳಗಿನ ಎಣ್ಣೆಯಲ್ಲಿ ನೀರಿನ ಪಸೆ ಸೇರುತ್ತದೆ. ಮುಚ್ಚಿದ ಕೊಟ್ಟಿಗೆಯೊಳಗೆ ಹೀಗೆ ಮಾಡಿದರಂತೂ ಹೊಗೆಯಲ್ಲಿರುವ ಕಾರ್ಬನ್ ಮಾನಾಕ್ಸೈಡು ಪ್ರಾಣವನ್ನೇ ತೆಗೆಯಬಲ್ಲದು.

ಇತ್ತೀಚಿನ ಮೋಟಾರು ಮನೆಗಳಲ್ಲಿ ಲಿಥಿಯಂ ಕಬ್ಬಿಣ ಫಾಸ್ಫೇಟಿನ ಬ್ಯಾಟರಿಗಳು ಬಂದಿವೆ. ಪಾಢಿ, ನಂಜುಂಡಸ್ವಾಮಿ ಹಾಗೂ ಗುಡ್‌ಇನಫ್ ಎಂಬ ಮೂವರು ವಿಜ್ಞಾನಿಗಳು ೧೯೯೭ರಲ್ಲಿ ಪ್ರಕಟಿಸಿದ ಸಂಶೋಧನೆ ಇವುಗಳಿಗೆ ಬುನಾದಿ. ಅವರಲ್ಲಿ ಜಾನ್ ಗುಡ್‌ಇನಫ್ ಅವರಿಗೆ ಲಿಥಿಯಂ ಬ್ಯಾಟರಿಗಳ ಕೆಲಸಕ್ಕಾಗಿ ೨೦೧೯ರಲ್ಲಿ ನೊಬೆಲ್ ಪಾರಿತೋಷಕದಲ್ಲಿ ಪಾಲು ದೊರೆಯಿತು. ಈ ಬ್ಯಾಟರಿಯ ರೀತಿ ಸೀಸದ ಬ್ಯಾಟರಿಗೆ ತೀರ ವಿರುದ್ಧ. ಇದನ್ನು ಪೂರ್ತಿ ತುಂಬಿಡಬೇಕಾಗಿಲ್ಲ. ಅರ್ಧದಷ್ಟು ತುಂಬಿ, ತಂತಿ ಬಿಚ್ಚಿಟ್ಟರೆ ತಿಂಗಳುಗಟ್ಟಲೆ ಸುಖವಾಗಿರುತ್ತದೆ. ಆದರೆ ಸೊನ್ನೆ ಡಿಗ್ರಿಗಿಂತ ಕೆಳಗಿನ ಚಳಿಯಲ್ಲಿ ಇದಕ್ಕೆ ವಿದ್ಯುತ್ತನ್ನು ಊಡಬಾರದು. ಒಳಗೆ ಲಿಥಿಯಂ ಲೋಹ ಕೂತು ಶಾಶ್ವತವಾದ ಕೇಡಾಗುತ್ತದೆ.

ಜಯನಗರದ ಕಾರಿನ ಮಾತು

ದೂರದ ಅಯೋವಾದ ಈ ಚಿಂತೆ ಬೆಂಗಳೂರಿನ ಗೃಹಸ್ಥರಿಗೇಕೆ ಎನ್ನುವಂತಿಲ್ಲ. ಮಗಳ ಬಾಣಂತನಕ್ಕೆಂದು ಆರು ತಿಂಗಳ ಮಟ್ಟಿಗೆ ಅಮೆರಿಕಕ್ಕೆ ಹೊರಡುವ ದಂಪತಿಗಳು ಎಷ್ಟು ಮಂದಿಯಿಲ್ಲ! ಅಂಥವರೊಬ್ಬರನ್ನು ಊಹಿಸಿಕೊಳ್ಳಬಹುದು. ಅಳಿಯನು ಚಳಿಯಲ್ಲಿ ನಿಂತು ಮೋಟಾರು ಮನೆಯ ಬ್ಯಾಟರಿ ಬಿಚ್ಚುತ್ತಿದ್ದಾನೆ. ಶಾಲು ಹೊದ್ದು ಬಾಗಿಲಲ್ಲಿ ನಿಂತ ಮಾವನವರು ಕೇಳುತ್ತಾರೆ:

"ಏನು ಅಳಿಯಂದಿರೇ, ಚೆನ್ನಾಗಿರುವ ಬ್ಯಾಟರಿಯನ್ನು ಯಾಕೆ ಬಿಚ್ಚುತ್ತೀರಿ?"

"ಹಾಗೇ ಬಿಟ್ಟರೆ ಯುಗಾದಿಯ ಹೊತ್ತಿಗೆ ಸತ್ತೇ ಹೋಗಿರುತ್ತದೆ ಮಾವ. ನಿಂತ ಗಾಡಿಯೂ ತಿನ್ನುತ್ತಲೇ ಇರುತ್ತದೆ."

ಮಾವನವರ ಮುಖ ಚಿಕ್ಕದಾಗುತ್ತದೆ. ಜಯನಗರದ ಮನೆಯ ಮುಂದೆ ಹೊದಿಕೆ ಹೊದಿಸಿ ಬಂದ ಕಾರು ಕಣ್ಮುಂದೆ ಬರುತ್ತದೆ. ಮನೆಗೆ ಬೀಗ ಹಾಕುವಾಗ ಹಾಲಿನವನಿಗೆ ಹೇಳಿದ್ದರು, ಪತ್ರಿಕೆಯವನಿಗೆ ಹೇಳಿದ್ದರು, ತುಳಸಿಗೆ ನೀರೆರೆಯಲು ಪಕ್ಕದ ಮನೆಯವರಿಗೆ ಹೇಳಿದ್ದರು. ಕಾರಿನ ಬಗ್ಗೆ ಯಾರಿಗೂ ಹೇಳಿರಲಿಲ್ಲ.

ಈ ಪಾಠವನ್ನು ನಾಡಿನ ಅನೇಕರು ೨೦೨೦ರಲ್ಲಿ ಕಲಿತರು. ಮಾರ್ಚ್ ೨೫ರಿಂದ ದೇಶವೇ ಮನೆಯೊಳಗೆ ಕುಳಿತಾಗ ಕಾರುಗಳೂ ಕುಳಿತವು. ಮತ್ತೆ ಬಾಗಿಲು ತೆರೆದಾಗ ಎಷ್ಟೋ ಕಾರುಗಳು ಏಳಲಿಲ್ಲ. ಕರ್ನಾಟಕದಲ್ಲಿ ಹೆಪ್ಪುಗಟ್ಟುವ ಭಯವಿಲ್ಲ, ನಿಜ. ಆದರೆ ಉಷ್ಣತೆ ಹೆಚ್ಚಿದಷ್ಟೂ ಒಳಗಿನ ಸೋರಿಕೆ ಹೆಚ್ಚು. ಚಳಿಯಿಲ್ಲವೆಂದು ಬೀಗುವ ಹಾಗಿಲ್ಲ. ರಾಯಚೂರು, ಕಲಬುರಗಿಗಳ ಬೇಸಗೆಯಲ್ಲಿ ನಿಂತ ಬ್ಯಾಟರಿ ಬೇಗನೆ ಸೊರಗುತ್ತದೆ.

ಊರಿಗೆ ಹೊರಡುವವರು ಕಾರಿನ ಬ್ಯಾಟರಿಯನ್ನು ತುಂಬಿಸಿ, ಋಣಾಗ್ರದ ತಂತಿಯನ್ನು ಬಿಚ್ಚಿಸಿ ಹೋಗುವುದು ಒಂದು ದಾರಿ. ನಂಬಿಕೆಯವರಿದ್ದರೆ ವಾರಕ್ಕೋ ಹದಿನೈದು ದಿನಕ್ಕೋ ಒಮ್ಮೆ ಅರ್ಧ ಗಂಟೆಯಾದರೂ ಕಾರನ್ನು ರಸ್ತೆಯಲ್ಲಿ ಓಡಿಸಿ ತರುವಂತೆ ಹೇಳುವುದು ಇನ್ನೊಂದು ದಾರಿ. ಇನ್ವರ್ಟರಿನ ಬ್ಯಾಟರಿಗೂ ಇದೇ ನ್ಯಾಯ. ಚಾಲೂ ಇಟ್ಟು ಹೋದರೆ ಅದು ತುಂಬಿಯೇ ಇರುತ್ತದೆ, ಆದರೆ ನೀರು ಇಳಿಯುತ್ತದೆ. ಒಂದೆರಡು ತಿಂಗಳಿಗೊಮ್ಮೆ ನೋಡುವವರು ಬೇಕು. ಆರಿಸಿ ಹೋಗುವುದಾದರೆ ಪೂರ್ತಿ ತುಂಬಿಸಿ, ತಂತಿ ಬಿಚ್ಚಿಸಿ, ಎರಡು ಮೂರು ತಿಂಗಳಿಗೊಮ್ಮೆ ಮತ್ತೆ ತುಂಬಿಸುವ ಏರ್ಪಾಡಿರಬೇಕು. ಬ್ಯಾಟರಿಗೆ ವಿದ್ಯುತ್ತನ್ನು ಊಡುವಾಗ ಹೊರಬರುವ ಜಲಜನಕವು ಗಾಳಿಯಲ್ಲಿ ನೂರಕ್ಕೆ ನಾಲ್ಕರಷ್ಟು ಸೇರಿದರೂ ಕಿಡಿ ತಾಗಿ ಹೊತ್ತಿಕೊಳ್ಳಬಲ್ಲದು. ಆದುದರಿಂದ ಅದನ್ನು ಗಾಳಿಯಾಡುವ ಎಡೆಯಲ್ಲೇ ಇಡಬೇಕು. ದೇವರ ದೀಪದ ಬಳಿ ಎಂದಿಗೂ ಇಡಬಾರದು.

ಎಷ್ಟು ಜೋಪಾನ ಮಾಡಿದರೂ ಬ್ಯಾಟರಿಗೆ ಒಂದು ದಿನ ಆಯುಷ್ಯ ಮುಗಿಯುತ್ತದೆ. ಆಗ ಅದನ್ನು ಗುಜರಿಯವನಿಗೆ ತೂಕದ ಲೆಕ್ಕದಲ್ಲಿ ಮಾರಬಾರದು. ಬಯಲಿನಲ್ಲಿ ಒಡೆದು ಕರಗಿಸಿದ ಸೀಸದ ಹೊಗೆ ಆ ಕೇರಿಯ ಮಕ್ಕಳ ಮಿದುಳಿನ ಬೆಳವಣಿಗೆಯನ್ನೇ ಕುಂದಿಸುತ್ತದೆ. ಹಳೆಯ ಬ್ಯಾಟರಿಯನ್ನು ಕ್ರಮವಾದ ಮರುಬಳಕೆಗೆ ಸೇರಿಸಬೇಕೆಂದು ೨೦೦೧ರಲ್ಲಿಯೇ ಭಾರತದಲ್ಲಿ ನಿಯಮಗಳು ಬಂದವು. ೨೦೨೨ರಲ್ಲಿ ಅವುಗಳ ಸ್ಥಾನದಲ್ಲಿ ಹೊಸ ನಿಯಮಗಳು ಬಂದಿವೆ. ಹೊಸದನ್ನು ಕೊಳ್ಳುವ ಅಂಗಡಿಗೇ ಹಳೆಯದನ್ನು ಒಪ್ಪಿಸುವುದು ಎಲ್ಲರಿಗೂ ಕ್ಷೇಮ. ಒಂದೊಂದು ಬ್ಯಾಟರಿ ಎರಡು ವರ್ಷ ಹೆಚ್ಚು ಬಾಳಿದರೆ ಅಷ್ಟು ಸೀಸವನ್ನು ಕರಗಿಸುವ ಪ್ರಮೇಯವೇ ತಪ್ಪುತ್ತದೆ.

ಹಿಂದೆ ಊರಿಗೆ ಹೊರಟ ಯಜಮಾನನು ಕೊಟ್ಟಿಗೆಯ ದನಗಳಿಗೆ ಹುಲ್ಲು ಹಾಕುವವರನ್ನು ಗೊತ್ತುಮಾಡದೆ ಹೊಸಿಲು ದಾಟುತ್ತಿರಲಿಲ್ಲ. ದನಗಳ ಎಡೆಯಲ್ಲಿ ಈಗ ಕಾರು ನಿಂತಿದೆ. ಹಸಿದರೆ ಅಂಬಾ ಎನ್ನಲು ಅದಕ್ಕೆ ಬಾಯಿಲ್ಲ. ಬೀಗ ಹಾಕುವ ಮುನ್ನ ಅದರ ಹಸಿವನ್ನೂ ಒಮ್ಮೆ ನೆನೆದು ಹೊರಟರೆ, ಹಿಂದಿರುಗಿದ ದಿನ ಕೀಲಿ ತಿರುಗಿಸಿದಾಗ ಅದು ಮರುಮಾತಿಲ್ಲದೆ ಎದ್ದು ನಿಲ್ಲುತ್ತದೆ.